ಕಣ್ಣಿನ ಸುತ್ತ ವಯಸ್ಸು ಮೊದಲು ಕಾಣುವುದೇಕೆ?

(ಎಮ್ಮಿಗನೂರಿನಲ್ಲಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



ಚರ್ಮದ ಬಗ್ಗೆ ಮಾತನಾಡಿ ಎಂದು ಹೇಳಿದಾಗ ನನಗೆ ಮೊದಲು ನೆನಪಾದದ್ದು ಒಬ್ಬ ತಾಯಿ. ಈ ಭಾಗದವರೇ. ವಯಸ್ಸು ಮೂವತ್ತೆಂಟು. ವರ್ಷದಲ್ಲಿ ಎರಡು ಬೆಳೆಗೂ ಗದ್ದೆಯಲ್ಲಿ ದುಡಿಯುವವರು. ಒಂದು ಮದುವೆ ಮನೆಗೆ ತಂಗಿಯ ಜೊತೆ ಹೋಗಿದ್ದರಂತೆ. ತಂಗಿ ಎರಡೇ ವರ್ಷ ಚಿಕ್ಕವಳು, ಬೆಂಗಳೂರಿನಲ್ಲಿ ಒಂದು ಕಚೇರಿಯಲ್ಲಿ ಕೆಲಸ. ಅಲ್ಲಿ ಯಾರೋ ತಂಗಿಯನ್ನು, "ಇವರು ನಿಮ್ಮವ್ವ ಏನ್ರಿ?" ಎಂದು ಕೇಳಿಬಿಟ್ಟರು. ಆ ಮಾತು ಮನಸ್ಸಿಗೆ ನಾಟಿತು. "ಡಾಕ್ಟ್ರೇ, ಒಂದೇ ಹೊಟ್ಟ್ಯಾಗ ಹುಟ್ಟೀವಿ, ಒಂದೇ ಹಾಲು ಕುಡಿದೀವಿ. ನನ್ನ ಕಣ್ಣಿನ ಸುತ್ತ ಮಾತ್ರ ಹಿಂಗ್ಯಾಕಾತು?" ಎಂದು ಕೇಳಿದರು. ಕೇಳುತ್ತಲೇ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಮುಲಾಮಿನ ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಎಂಟು ತಿಂಗಳಿಂದ ಕಣ್ಣಿನ ಸುತ್ತ ಹಚ್ಚುತ್ತಿದ್ದರು.

ಅವರ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಮಾತು. ಆ ಟ್ಯೂಬಿನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಚರ್ಮದ ರಚನೆಯೇ ಬೇರೆ

ನೀವು ಕುಳಿತಲ್ಲೇ ನಿಮ್ಮ ಹಿಮ್ಮಡಿಯನ್ನು ಮುಟ್ಟಿ ನೋಡಿರಿ. ಆಮೇಲೆ ಕೈ ತೊಳೆದುಕೊಂಡು ಕಣ್ಣು ಮುಚ್ಚಿ ರೆಪ್ಪೆಯನ್ನು ಮೆಲ್ಲನೆ ಮುಟ್ಟಿರಿ. ಎರಡೂ ನಿಮ್ಮದೇ ಚರ್ಮ. ಆದರೆ ಒಂದು ಗೋಣಿ ತಾಟಿನಂತೆ, ಇನ್ನೊಂದು ಈರುಳ್ಳಿಯ ಒಳಪೊರೆಯಂತೆ. ನಮ್ಮ ಇಡೀ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ.

ಕೆನ್ನೆಯ ಚರ್ಮದ ಕೆಳಗೆ ಕೊಬ್ಬಿನ ಒಂದು ಹಾಸಿಗೆ ಇದೆ. ಅದು ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ. ರೆಪ್ಪೆಯ ಚರ್ಮದ ಕೆಳಗೆ ಆ ಹಾಸಿಗೆ ಇಲ್ಲವೆಂದೇ ಹೇಳಬೇಕು. ಚರ್ಮ, ಅದರ ಕೆಳಗೆ ನೇರವಾಗಿ ಸ್ನಾಯು. ಅದಕ್ಕೇ ಒಳಗಿನ ರಕ್ತನಾಳಗಳ ಬಣ್ಣ ಹೊರಗೆ ಕಪ್ಪು ನೀಲಿಯಾಗಿ ಕಾಣುವುದು. ಇನ್ನೊಂದು ವಿಷಯವೆಂದರೆ ಎಣ್ಣೆ. ಚರ್ಮ ಒಣಗದಂತೆ ಜಿಡ್ಡು ಒಸರುವ ಸಣ್ಣ ಗ್ರಂಥಿಗಳು ಮೂಗು, ಹಣೆಯ ಮೇಲೆ ಹೇರಳವಾಗಿವೆ. ಕಣ್ಣಿನ ಸುತ್ತಲಿನ ಚರ್ಮದಲ್ಲಿ ಅವು ತೀರ ಕಡಿಮೆ. ಆದ್ದರಿಂದ ಬಿಸಿಗಾಳಿ ಬೀಸಿದಾಗ ಮೊದಲು ಒಣಗುವುದು ಈ ಜಾಗವೇ.

ಇಷ್ಟು ನಾಜೂಕಾದ ಚರ್ಮಕ್ಕೆ ಬಿಡುವಾದರೂ ಇದೆಯೇ? ಅದೂ ಇಲ್ಲ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ದಿನಕ್ಕೆ 16 ಗಂಟೆ ಎಚ್ಚರವಾಗಿದ್ದರೆ 14 ಸಾವಿರ ಸಲಕ್ಕೂ ಹೆಚ್ಚು. ಇದರ ಮೇಲೆ ನಗು, ಅಳು, ಸಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡುವುದು ಬೇರೆ. ದಿನವೂ ಒಂದೇ ಕಡೆ ಮಡಿಸಿದ ಸೀರೆಗೆ ಆ ಮಡಿಕೆಯಲ್ಲೇ ಗೆರೆ ಬೀಳುವಂತೆ ಕಣ್ಣಿನ ಹೊರತುದಿಯಲ್ಲಿ ಬೀಸಣಿಗೆಯಂತೆ ಗೆರೆಗಳು ಮೂಡುತ್ತವೆ.

ಚಿಕ್ಕ ವಯಸ್ಸಿನಲ್ಲಿ ಈ ಗೆರೆಗಳು ನಗು ನಿಂತ ಕೂಡಲೇ ಮಾಯವಾಗುತ್ತವೆ. ಏಕೆಂದರೆ ಚರ್ಮದೊಳಗೆ ಎರಡು ಬಗೆಯ ನಾರುಗಳಿವೆ. ಕೊಲ್ಯಾಜೆನ್ ಎಂಬ ನಾರು ಚರ್ಮಕ್ಕೆ ಗಟ್ಟಿತನ ಕೊಡುತ್ತದೆ. ಎಲಾಸ್ಟಿನ್ ಎಂಬ ನಾರು, ಎಳೆದು ಬಿಟ್ಟ ರಬ್ಬರಿನಂತೆ, ಚರ್ಮವನ್ನು ಮೊದಲಿನ ಜಾಗಕ್ಕೆ ತರುತ್ತದೆ. ವಯಸ್ಸಾದಂತೆ ಇವೆರಡೂ ಸವೆಯುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಕೊಲ್ಯಾಜೆನ್ ಬೇಗ ಕಡಿಮೆಯಾಗುತ್ತದೆ. ದಪ್ಪ ಗೋಡೆಯ ಗಾರೆ ಸ್ವಲ್ಪ ಉದುರಿದರೆ ತಿಳಿಯುವುದಿಲ್ಲ, ತೆಳು ಗೋಡೆಯದಾದರೆ ಕೂಡಲೇ ಕಾಣುತ್ತದೆ. ದೇಹಕ್ಕೆಲ್ಲ ವಯಸ್ಸಾಗುತ್ತಿದ್ದರೂ ಕಣ್ಣಿನ ಸುತ್ತ ಅದು ಮೊದಲು ಕಾಣುವುದು ಹೀಗೆ.

ವರ್ಷದ ವಯಸ್ಸು, ಬಿಸಿಲಿನ ವಯಸ್ಸು

ಇಷ್ಟು ಹೇಳಿದರೆ ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಕ್ಕಂತಾಯಿತು. ತಂಗಿಯ ರೆಪ್ಪೆಯೂ ಅಷ್ಟೇ ತೆಳುವಲ್ಲವೇ? ಹಾಗಾದರೆ ವ್ಯತ್ಯಾಸವೇಕೆ?

ಇದಕ್ಕೆ ಉತ್ತರ ನಿಮ್ಮ ಮೈಮೇಲೆಯೇ ಇದೆ. ನಡುವಯಸ್ಸು ದಾಟಿದವರು ನಿಮ್ಮ ಮುಂಗೈಯ ಹೊರಭಾಗವನ್ನು ನೋಡಿಕೊಳ್ಳಿರಿ. ಆಮೇಲೆ ಕಂಕುಳಿನ ಹತ್ತಿರದ ಒಳತೋಳನ್ನು ನೋಡಿರಿ. ಎರಡಕ್ಕೂ ವಯಸ್ಸು ಒಂದೇ. ಆದರೆ ಮುಂಗೈ ಒರಟು, ಕಪ್ಪು, ಕಲೆ ಕಲೆ. ಒಳತೋಳು ಇನ್ನೂ ನುಣುಪು. ಒಳತೋಳು ತೋರಿಸುವುದು ನಿಮ್ಮ ವರ್ಷದ ವಯಸ್ಸು. ಮುಂಗೈಯಲ್ಲಿ ಹೆಚ್ಚುವರಿಯಾಗಿ ಕಾಣುವುದೆಲ್ಲ ಬಿಸಿಲು ಕೂಡಿಸಿದ ವಯಸ್ಸು.

ಬಿಸಿಲಿನಲ್ಲಿ ನೇರಳಾತೀತ ಕಿರಣ ಎಂಬುದಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆಚ್ಚಗೂ ಅನಿಸುವುದಿಲ್ಲ. ಅದರಲ್ಲಿ ಒಂದು ಬಗೆ ಚರ್ಮದ ಆಳಕ್ಕಿಳಿದು ಆ ನಾರುಗಳನ್ನು ತುಂಡರಿಸುತ್ತದೆ. ಅದು ಕಿಟಕಿಯ ಗಾಜನ್ನೂ ದಾಟುತ್ತದೆ, ತೆಳು ಮೋಡವನ್ನೂ ದಾಟುತ್ತದೆ. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ವೈದ್ಯಕೀಯ ಪತ್ರಿಕೆ ಅಮೆರಿಕದ ಒಬ್ಬ ಲಾರಿ ಚಾಲಕನ ಚಿತ್ರ ಪ್ರಕಟಿಸಿತು. ಆತನ ವಯಸ್ಸು 69, ಲಾರಿ ಓಡಿಸಿದ್ದು 28 ವರ್ಷ. ಅಲ್ಲಿ ಚಾಲಕ ಎಡಗಡೆ ಕೂರುತ್ತಾನೆ. ಕಿಟಕಿಯ ಕಡೆಗಿದ್ದ ಎಡಗೆನ್ನೆ, ಎಡಗಣ್ಣಿನ ಸುತ್ತ ಆಳವಾದ ಸುಕ್ಕುಗಳು ಜೋಲುಬಿದ್ದಿದ್ದವು. ಬಲಗಡೆಯ ಮುಖ ಬಹಳ ಚಿಕ್ಕವನ ಮುಖದಂತಿತ್ತು. ಒಬ್ಬನೇ ಮನುಷ್ಯ, ಒಂದೇ ರಕ್ತ, ಒಂದೇ ಊಟ. ವ್ಯತ್ಯಾಸ ಮಾಡಿದ್ದು ಬಿಸಿಲು. ನಮ್ಮಲ್ಲಿ ಚಾಲಕರು ಬಲಗಡೆ ಕೂರುತ್ತಾರೆ. ಸಂಡೂರಿನ ಅದಿರು ಲಾರಿ ಓಡಿಸುವ ಅಣ್ಣಂದಿರು ಬಲಗಡೆಯ ಕಣ್ಣಿನ ಬಗ್ಗೆ ಹೆಚ್ಚು ಎಚ್ಚರವಾಗಿರಬೇಕು.

ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಒಂದು ಮಾತು. ಹೊಸಪೇಟೆ, ಹಂಪಿ, ಕಂಪ್ಲಿ, ಎಮ್ಮಿಗನೂರು ಇವೆಲ್ಲ ಸಮಭಾಜಕದಿಂದ ಉತ್ತರಕ್ಕೆ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿವೆ. ಹೀಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ಒಮ್ಮೆ ಮೇ ತಿಂಗಳ ಮೊದಲ ವಾರದಲ್ಲಿ, ಮತ್ತೊಮ್ಮೆ ಆಗಸ್ಟ್ ಎರಡನೆಯ ವಾರದಲ್ಲಿ. ಆ ದಿನ ನಡುಹಗಲು ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮೇ ತಿಂಗಳಲ್ಲಿ ಬಿಸಿಲು ಜೋರೆಂದು ಎಲ್ಲರಿಗೂ ಗೊತ್ತು, ನೆರಳು ಹುಡುಕುತ್ತೇವೆ. ಆದರೆ ಆಗಸ್ಟ್ ಎಂದರೆ ತುಂಗಭದ್ರೆಯ ಕಾಲುವೆಗೆ ನೀರು ಬಂದು ನಾಟಿ ನಡೆಯುವ ಕಾಲ. ಗಾಳಿ ತಂಪು, ಮೋಡದ ಮರೆ ಇದೆ ಎಂದು ಯಾರೂ ಹೆದರುವುದಿಲ್ಲ. ಸೂರ್ಯ ಮಾತ್ರ ಮೇ ತಿಂಗಳಷ್ಟೇ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ನಾಟಿ ಮಾಡುವ ತಾಯಂದಿರು ದಿನವಿಡೀ ಬಯಲಿನಲ್ಲಿ ಬಗ್ಗಿ, ಕೆಳಗಿನ ನೀರಿನ ಪ್ರಖರತೆಗೆ ಕಣ್ಣು ಕಿರಿದು ಮಾಡಿಕೊಂಡೇ ಇರುತ್ತಾರೆ. ಇಪ್ಪತ್ತು ವರ್ಷ ಹೀಗೆ ದುಡಿದ ಅಕ್ಕನಿಗೂ ಕಚೇರಿಯ ನೆರಳಿನಲ್ಲಿ ಕುಳಿತ ತಂಗಿಗೂ ವ್ಯತ್ಯಾಸ ಕಾಣದಿದ್ದರೇ ಆಶ್ಚರ್ಯ.

ನಮ್ಮ ಕಪ್ಪು ಬಣ್ಣ ಶಾಪವಲ್ಲ, ರಕ್ಷಣೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಬಿಳಿಯರಿಗೆ ಬೇಗ ಬರುವ ಸುಕ್ಕು ನಮಗೆ ತಡವಾಗಿ ಬರುವುದು ಇದರಿಂದಲೇ. ಆದರೆ ನಮ್ಮಲ್ಲಿ ಸುಕ್ಕಿಗಿಂತ ಮೊದಲು ಕಣ್ಣಿನ ಸುತ್ತ ಕಪ್ಪು ಕಾಣಿಸಿಕೊಳ್ಳುತ್ತದೆ. ಕೆಲವು ಮನೆತನಗಳಲ್ಲಿ ಇದು ವಂಶದಿಂದಲೇ ಬರುತ್ತದೆ, ಅದು ಕಾಯಿಲೆಯಲ್ಲ.

ಬಿಸಿಲು ಚರ್ಮವನ್ನಷ್ಟೇ ಕೆಡಿಸುವುದಿಲ್ಲ. ಕಣ್ಣಿನಲ್ಲಿ ಪೊರೆ ಬರಲು ಇರುವ ಕಾರಣಗಳಲ್ಲಿ ಅದೂ ಒಂದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತವಾಗಿ ಪೊರೆ ತೆಗೆದದ್ದನ್ನು ಇಲ್ಲಿನ ಹಿರಿಯರು ನೆನೆಯುತ್ತಾರೆ. ಅವರು 2005ರಲ್ಲಿ ತೀರಿಕೊಂಡರು. ಅಂಥ ಶಿಬಿರಗಳಲ್ಲಿ ಸಾಲಾಗಿ ಕುಳಿತವರಲ್ಲಿ ಹೊಲದಲ್ಲಿ ದುಡಿದವರೇ ಎಷ್ಟು ಜನ! ಕಣ್ಣಿಗೆ ನೆರಳು ಮಾಡಿಕೊಳ್ಳುವುದು ಅಂದಕ್ಕಾಗಿ ಅಷ್ಟೇ ಅಲ್ಲ, ದೃಷ್ಟಿಗಾಗಿ ಕೂಡ.

ಬಿಸಿಲಿನ ಜೊತೆ ಸೇರುವವು

ಬೀಡಿ, ಸಿಗರೇಟು ಸೇದುವವರ ಮುಖದಲ್ಲಿ ಸುಕ್ಕು ಬೇಗ ಬೀಳುತ್ತದೆ. ಹೊಗೆ ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ ನಾರುಗಳನ್ನು ಹಾಳುಮಾಡುತ್ತದೆ. ಕಣ್ಣು ಉಜ್ಜುವುದು ಇನ್ನೊಂದು ಕೆಟ್ಟ ಅಭ್ಯಾಸ. ದೂಳು ಬಿದ್ದಾಗ, ಕಡಿತ ಬಂದಾಗ ಉಜ್ಜಿದಷ್ಟೂ ಚರ್ಮ ಸಡಿಲಾಗುತ್ತದೆ, ಕಪ್ಪಾಗುತ್ತದೆ. ಸದಾ ಕಣ್ಣು ಕಡಿಯುತ್ತಿದ್ದರೆ ಅದು ಅಲರ್ಜಿ ಇರಬಹುದು. ಉಜ್ಜುವ ಬದಲು ತಣ್ಣೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿರಿ.

ಕಣ್ಣಿನ ಕೆಳಗೆ ಕಪ್ಪು, ಜೊತೆಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ರಕ್ತಹೀನತೆಯನ್ನು ನೆನೆಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕನ್ನಡಿಯ ಮುಂದೆ ಕೆಳರೆಪ್ಪೆಯನ್ನು ಮೆಲ್ಲನೆ ಇಳಿಸಿ ಒಳಭಾಗ ನೋಡಿರಿ. ಅದು ಕೆಂಪಗಿರಬೇಕು, ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿರಿ. ನುಗ್ಗೆಸೊಪ್ಪು, ಹುರುಳಿ, ಸಜ್ಜೆ ಊಟದಲ್ಲಿರಲಿ, ಮೇಲೆ ನಿಂಬೆರಸ ಹಿಂಡಿಕೊಳ್ಳಿರಿ. ಊಟದ ಜೊತೆಗೇ ಚಹಾ ಕುಡಿಯಬೇಡಿರಿ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ.

ಹಚ್ಚಬಾರದ್ದನ್ನು ಹಚ್ಚಬೇಡಿರಿ

ಈಗ ಆ ಟ್ಯೂಬಿನ ವಿಷಯಕ್ಕೆ ಬರುತ್ತೇನೆ. ಆ ತಾಯಿ ಒಂದು ಅಂಗಡಿಯಲ್ಲಿ "ಕಣ್ಣಿನ ಸುತ್ತ ಕರಿ ಹೋಗಾಕ ಏನರ ಕೊಡ್ರಿ" ಎಂದು ಕೇಳಿ ಅದನ್ನು ತಂದಿದ್ದರು. ಹಚ್ಚಿದ ಹದಿನೈದು ದಿನಕ್ಕೆ ಮುಖ ಬೆಳ್ಳಗಾಯಿತು, ಸಂತೋಷವಾಯಿತು. ಬಿಟ್ಟರೆ ಉರಿ, ಕೆಂಪು. ಅದಕ್ಕೇ ಬಿಡದೆ ಹಚ್ಚಿದರು. ಟ್ಯೂಬಿನ ಮೇಲೆ ಓದಿ ನೋಡಿದರೆ ಅದರಲ್ಲಿದ್ದದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ಒಳ್ಳೆಯ ಔಷಧವೇ. ಕೆಲವು ಚರ್ಮರೋಗಗಳಿಗೆ ವೈದ್ಯರು ಇಷ್ಟು ದಿನ, ಇಷ್ಟು ಪ್ರಮಾಣ ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಆದರೆ ಬೆಳ್ಳಗಾಗಲು ತಿಂಗಳುಗಟ್ಟಲೆ ಹಚ್ಚಿದರೆ ಅದು ಚರ್ಮವನ್ನು ಇನ್ನೂ ತೆಳು ಮಾಡುತ್ತದೆ. ಮೊದಲೇ ಅರ್ಧ ಮಿಲಿಮೀಟರ್ ಇರುವ ಚರ್ಮ! ಸುಕ್ಕು ಹೋಗಲೆಂದು ಹಚ್ಚಿದ್ದೇ ಸುಕ್ಕು ತರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಒಳಗಿದೆ. ತೆಳುವಾದ ರೆಪ್ಪೆ ಔಷಧವನ್ನು ಬೇರೆಡೆಯ ಚರ್ಮಕ್ಕಿಂತ ಹಲವು ಪಟ್ಟು ಹೆಚ್ಚು ಹೀರುತ್ತದೆ. ಅದು ಕಣ್ಣಿಗಿಳಿದು ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಒತ್ತಡ ಏರಿ ಬರುವ ಗ್ಲಾಕೋಮಾದಲ್ಲಿ ಕಣ್ಣಿನ ನರ ಒಣಗಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ನೋವಿಲ್ಲದೆ ಹೋಗುವುದರಿಂದ ತಿಳಿಯುವುದೂ ಇಲ್ಲ.

ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಟ್ಯೂಬು ಕೊಂಡಾಗ ಓದಬಲ್ಲ ಮಕ್ಕಳ ಕೈಗೆ ಕೊಡಿರಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ವೈದ್ಯರು ಬರೆದುಕೊಡದಿದ್ದರೆ ಹಚ್ಚಬೇಡಿರಿ. ಈಗಾಗಲೇ ಬಹುಕಾಲ ಹಚ್ಚುತ್ತಿರುವವರು ವೈದ್ಯರನ್ನು ಕಂಡು, ಅವರ ಸಲಹೆಯಂತೆ ನಿಲ್ಲಿಸಿರಿ. ಕಣ್ಣಿನ ಒತ್ತಡವನ್ನೂ ಅಳೆಸಿರಿ.

ಹೆಸರು, ವಿಳಾಸ ಇಲ್ಲದ ಬೆಳ್ಳಗಾಗುವ ಕ್ರೀಮುಗಳಲ್ಲಿ ಪಾದರಸವೂ ಇರಬಹುದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಬಂದದ್ದನ್ನು ವೈದ್ಯರು ಕಂಡುಹಿಡಿದರು. ಕಿಡ್ನಿ ಕೆಟ್ಟರೆ ಮೊದಲು ಊದಿಕೊಳ್ಳುವುದು ಎಲ್ಲಿ? ಕಣ್ಣಿನ ಸುತ್ತಲೇ. ನಿಂಬೆರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದೂ ತಪ್ಪು, ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ.

ಇವನ್ನು ವಯಸ್ಸೆಂದು ಬಿಡಬೇಡಿರಿ

ಗೆರೆ, ಸುಕ್ಕು ಕಾಯಿಲೆಯಲ್ಲ. ಆದರೆ ಕೆಲವು ಬದಲಾವಣೆಗಳನ್ನು "ವಯಸ್ಸಾತು ಬಿಡ್ರಿ" ಎಂದು ಕಡೆಗಣಿಸಬಾರದು.

1. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಊದಿಕೊಂಡಿದ್ದು ದಿನದಿನಕ್ಕೆ ಹೆಚ್ಚಾಗುವುದು: ಮೂತ್ರ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

2. ರೆಪ್ಪೆಯ ಮೇಲೆ, ಮೂಗಿನ ಕಡೆಗೆ ಹಳದಿ ಬಣ್ಣದ ಉಬ್ಬು: ರಕ್ತದಲ್ಲಿ ಕೊಬ್ಬು ಹೆಚ್ಚಿರಬಹುದು, ಪರೀಕ್ಷೆ ಅಗತ್ಯ.

3. ರೆಪ್ಪೆಯ ಅಂಚಿನಲ್ಲಿ ಮಾಯದ ಹುಣ್ಣು, ಅಥವಾ ವಾಸಿಯಾದರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುವ ಗುಳ್ಳೆ: ಅಪರೂಪಕ್ಕೆ ಇದು ಕ್ಯಾನ್ಸರ್ ಇರಬಹುದು. ಬೇಗ ತೋರಿಸಿದರೆ ಗುಣವಾಗುತ್ತದೆ.

4. ಹುಬ್ಬಿನ ಕೂದಲು ಉದುರುವುದು, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ: ಕುಷ್ಠರೋಗದ ಪರೀಕ್ಷೆ ಮಾಡಿಸಿರಿ. ಇದಕ್ಕೆ ಉಚಿತ ಔಷಧವಿದೆ, ಸಂಕೋಚ ಬೇಡ.

5. ಒಂದು ರೆಪ್ಪೆ ಇದ್ದಕ್ಕಿದ್ದಂತೆ ಇಳಿಬೀಳುವುದು, ವಸ್ತು ಎರಡೆರಡಾಗಿ ಕಾಣುವುದು: ಅದೇ ದಿನ ಆಸ್ಪತ್ರೆಗೆ ಹೋಗಬೇಕು.

6. ನೆಲದ ಮೇಲೆ ಅಥವಾ ಹೊಲದಲ್ಲಿ ಮಲಗಿದ್ದವರಿಗೆ ರಾತ್ರಿ ಹೊಟ್ಟೆನೋವು ಬಂದು, ಎರಡೂ ರೆಪ್ಪೆ ಎತ್ತಲಾಗದೆ ಮಾತು ತೊದಲಿದರೆ ಅದು ಕಟ್ಟುಹಾವಿನ ಕಡಿತ ಇರಬಹುದು. ಈ ಹಾವು ಕಚ್ಚಿದರೆ ಎಷ್ಟೋ ಸಲ ನೋವಾಗಲಿ ಗುರುತಾಗಲಿ ಇರುವುದಿಲ್ಲ. ನಿದ್ದೆಗಣ್ಣು ಎಂದು ಮಲಗಿಸಬೇಡಿರಿ, ಮಂತ್ರ, ನಾಟಿ ಔಷಧ ಎಂದು ಅಲೆಯಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿ, ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಿರಿ.

ಖರ್ಚಿಲ್ಲದ ಆರೈಕೆ

ಹಾಗಾದರೆ ಮಾಡಬೇಕಾದದ್ದೇನು? ನೆರಳನ್ನೇ ಗಡಿಯಾರ ಮಾಡಿಕೊಳ್ಳಿರಿ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಬಿಸಿಲು ಸೌಮ್ಯ. ನಿಮಗಿಂತ ಗಿಡ್ಡವಾದರೆ ಅದು ಚರ್ಮ ಸುಡುವ ಬಿಸಿಲು. ಸಾಧ್ಯವಾದಷ್ಟು ಕೆಲಸ ಬೆಳಿಗ್ಗೆ ಬೇಗ, ಸಂಜೆ ಮಾಡಿಕೊಳ್ಳಿರಿ. ಸೆರಗು, ಟವೆಲು, ರುಮಾಲು ತಲೆಯನ್ನು ಕಾಯುತ್ತವೆ, ಆದರೆ ಕಣ್ಣಿಗೆ ನೆರಳು ಕೊಡುವುದಿಲ್ಲ. ಅದನ್ನು ಹಣೆಯ ಮುಂದಕ್ಕೆ ಸೂರಿನಂತೆ ಚಾಚುವ ಹಾಗೆ ಕಟ್ಟಿರಿ, ಇಲ್ಲವೇ ಸುತ್ತಲೂ ಅಗಲ ಅಂಚಿರುವ ಟೋಪಿ ಹಾಕಿರಿ. ಹಂಪಿಯಲ್ಲಿ ಬಂಡೆಗಳ ನಡುವೆ ದಿನವಿಡೀ ತಿರುಗುವ ಗೈಡುಗಳಿಗೂ ಇದೇ ಮಾತು. ಕನ್ನಡಕ ಕೊಳ್ಳುವುದಾದರೆ ಬಣ್ಣ ನೋಡಬೇಡಿರಿ, ಯುವಿ 400 ಎಂದು ಬರೆದಿದೆಯೇ ನೋಡಿರಿ.

ರಾತ್ರಿ ಮುಖ ತೊಳೆದು ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಉಂಗುರ ಬೆರಳಿನಿಂದ, ಉಜ್ಜದೆ, ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಹಚ್ಚಬಹುದು. ಅದು ಒಣಗುವುದನ್ನು ತಡೆಯುತ್ತದೆ, ಬಿಸಿಲನ್ನು ತಡೆಯುವುದಿಲ್ಲ. ಬಿಸಿಲಿನ ಕ್ರೀಮು ಕೊಳ್ಳಲು ಅನುಕೂಲವಿದ್ದವರು ಎಸ್.ಪಿ.ಎಫ್. 30 ಅಥವಾ ಹೆಚ್ಚಿನದನ್ನು ಕಣ್ಣಿನೊಳಗೆ ಹೋಗದಂತೆ ಹಚ್ಚಿರಿ. ಇಲ್ಲದವರು ಚಿಂತಿಸಬೇಕಿಲ್ಲ, ಒಳ್ಳೆಯ ಟೋಪಿಯೂ ಸಾಕಷ್ಟು ರಕ್ಷಣೆ ಕೊಡುತ್ತದೆ. ಬೀಡಿ ಬಿಡಿರಿ. ಚೆನ್ನಾಗಿ ನಿದ್ದೆ ಮಾಡಿರಿ. ಮಕ್ಕಳಿಗೆ ಈಗಿನಿಂದಲೇ ಟೋಪಿಯ ರೂಢಿ ಮಾಡಿಸಿರಿ, ಏಕೆಂದರೆ ಚರ್ಮ ಬಾಲ್ಯದಿಂದಲೂ ಬಿಸಿಲಿನ ಲೆಕ್ಕ ಇಡುತ್ತದೆ.

ಆ ತಾಯಿಯನ್ನು ಕಣ್ಣಿನ ವೈದ್ಯರ ಬಳಿ ಕಳಿಸಿದೆವು. ಎರಡೂ ಕಣ್ಣಿನ ಒತ್ತಡ ಏರಿತ್ತು. ಮುಲಾಮು ನಿಲ್ಲಿಸಿ, ಕೆಲವು ವಾರ ಹನಿ ಹಾಕಿದ ಮೇಲೆ ಒತ್ತಡ ಇಳಿಯಿತು, ದೃಷ್ಟಿ ಉಳಿಯಿತು. ಇನ್ನೊಂದೆರಡು ವರ್ಷ ಹಾಗೇ ಹಚ್ಚಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಸುಕ್ಕುಗಳು ಹೋಗಲಿಲ್ಲ. ಹೋಗುತ್ತವೆಂದು ನಾನೂ ಸುಳ್ಳು ಹೇಳಲಿಲ್ಲ. ಮುಂದಿನ ಸಲ ತೋರಿಸಲು ಬಂದಾಗ ಅವರ ತಂಗಿಯೂ ಜೊತೆಯಲ್ಲಿದ್ದರು. "ಅಕ್ಕ ದುಡಿದು ಕಳಿಸಿದ ರೊಕ್ಕದಾಗ ನಾ ಓದೀನ್ರಿ ಡಾಕ್ಟ್ರೇ, ನನ್ನ ಪಾಲಿನ ಬಿಸಿಲನ್ನೂ ಆಕೀನ ಉಂಡಾಳ" ಎಂದರು ತಂಗಿ. ಅಕ್ಕ ನಕ್ಕರು. ನಕ್ಕಾಗ ಕಣ್ಣಿನ ಸುತ್ತ ಅವೇ ಗೆರೆಗಳು ಮೂಡಿದವು.

ದುಡಿದ ಮುಖದ ಗೆರೆಗಳಿಗೆ ನಾಚಬೇಕಾಗಿಲ್ಲ. ಅವನ್ನು ಅಳಿಸಲು ಹೋಗಿ ಕಣ್ಣನ್ನೇ ಕಳೆದುಕೊಳ್ಳಬೇಡಿರಿ. ನಾಳೆ ಗದ್ದೆಗೆ ಹೊರಡುವಾಗ ಬುತ್ತಿಯ ಜೊತೆಗೆ ಒಂದು ಟೋಪಿಯನ್ನೂ ತೆಗೆದುಕೊಂಡು ಹೋಗಿರಿ.